ಧ್ವನಿ ನುಡಿಯುತ್ತಿದೆಯೆ? : ಪ್ಲೇಯರಿನ ಸ್ಥಿತಿಯನ್ನು ಅರಿಯುವ ಬಗೆ

ಗ್ರಾಮೊಫೋನಿನ ಕಾಲದಲ್ಲಿ ಹಾಡು ನಡೆದಿದೆಯೋ ನಿಂತಿದೆಯೋ ಎಂಬ ಪ್ರಶ್ನೆ ಏಳುತ್ತಿರಲಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆ ಕಣ್ಣೆದುರಿಗೇ ಇರುತ್ತಿತ್ತು. ಒಂದು ಮಗ್ಗುಲು ಮುಗಿದುದನ್ನು ಮುಳ್ಳಿನ ಕರಕರ ಸದ್ದೇ ಸಾರುತ್ತಿತ್ತು. ಗಣಕದಲ್ಲಿ ಅಂಥ ಕುರುಹಿಲ್ಲ. ಪರದೆಯ ಮೇಲಿನ ಗುಂಡಿ ಏನು ಹೇಳಬೇಕೆಂಬುದನ್ನು ಕ್ರಮವಿಧಿಯು ಪ್ಲೇಯರನ್ನೇ ಕೇಳಿ ತಿಳಿಯಬೇಕಾಗುತ್ತದೆ.

ಗದಗ ಪರಿಸರದಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ತ್ವವಿದೆ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಕಟ್ಟಿದ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಮುನ್ನಡೆಸಿದ ವೀರೇಶ್ವರ ಪುಣ್ಯಾಶ್ರಮವು ಅಂಧ ಮಕ್ಕಳಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದ ನೆಲೆ. ಇಂಥ ಪರಂಪರೆಯ ವಿದ್ಯಾರ್ಥಿ ಮೊಬೈಲಿನಲ್ಲಿ ಧ್ವನಿಮುದ್ರಣ ಕೇಳುವಾಗ ಪರದೆಯಲ್ಲಿ ಸರಿಯುವ ಗೆರೆ ಅವನಿಗೆ ಕಾಣದು; ಪರದೆ ಓದುವ ತಂತ್ರಾಂಶವು ಗುಂಡಿಯ ಹೆಸರನ್ನು ಓದಿ ಹೇಳಿದ್ದೇ ಅವನಿಗೆ ಆಧಾರ. ಆಲಾಪದ ನಡುವಿನ ಮೌನ ಗಾಯಕನದೋ ಯಂತ್ರದ್ದೋ ಎಂಬುದನ್ನು ಆ ಒಂದು ಮಾತಿನಿಂದಲೇ ಅವನು ನಿರ್ಣಯಿಸಬೇಕು.

ಜಾಲಪುಟಗಳಿಗಾಗಿ ಎಚ್‌ಟಿಎಂಎಲ್ 5 ರೂಪಿಸಿದ ಆಡಿಯೊ ಘಟಕದಲ್ಲಿ 'ಪಾಜ್ಡ್' (ತಡೆಯಲಾಗಿದೆ) ಎಂಬ ಗುಣವುಂಟು; 'ಪ್ಲೇಯಿಂಗ್' ಎಂಬ ಗುಣವಿಲ್ಲ. ಆದುದರಿಂದ ಪಾಜ್ಡ್‌ನ ಬೆಲೆ ಸುಳ್ಳಾಗಿದ್ದರೆ ಹಾಡು ನಡೆದಿದೆಯೆಂದು ಭಾವಿಸುವುದು ರೂಢಿ. ಈ ರೂಢಿ ಸಾಧುವಲ್ಲ. ಪ್ಲೇ ಆದೇಶ ದೊರೆತೊಡನೆ, ದತ್ತಾಂಶ ಬಂದಿರಲಿ ಬಾರದಿರಲಿ, ಪಾಜ್ಡ್ ಸುಳ್ಳಾಗುತ್ತದೆ. ಗದಗಿನಿಂದ ಸುಮಾರು 20 ಕಿ.ಮೀ. ದೂರದ ಡಂಬಳದಲ್ಲಿ ಕೇಳುಗನೊಬ್ಬ ಹಾಡು ಹಚ್ಚಿದ ಮೇಲೆ ಮೊಬೈಲ್ ಸಂಪರ್ಕ ಕ್ಷೀಣಿಸಿತೆನ್ನೋಣ. ಧ್ವನಿ ನಿಂತಿರುತ್ತದೆ, ಪಾಜ್ಡ್ ಮಾತ್ರ ಸುಳ್ಳಾಗಿಯೇ ಉಳಿಯುತ್ತದೆ. ಅದು ತಿಳಿಸುವುದು ಕೇಳುಗನ ಇಚ್ಛೆಯನ್ನು, ಧ್ವನಿಯ ಇರವನ್ನಲ್ಲ.

ಇರವನ್ನು ಅರಿಯಲು 'ರೆಡಿಸ್ಟೇಟ್' ಎಂಬ ಇನ್ನೊಂದು ಗುಣವನ್ನೂ ನೋಡಬೇಕು. ಅದು 0ರಿಂದ 4ರವರೆಗಿನ ಸಂಖ್ಯೆ. 2 ಎಂದರೆ ಆ ಕ್ಷಣದ ದತ್ತಾಂಶವಷ್ಟೇ ಕೈಯಲ್ಲಿದೆ. 3 ಎಂದರೆ ಮುಂದೆ ಸಾಗುವಷ್ಟು ಇದೆ. ಪಾಜ್ಡ್ ಸುಳ್ಳು, 'ಎಂಡೆಡ್' (ಮುಗಿದಿದೆ) ಸುಳ್ಳು, ರೆಡಿಸ್ಟೇಟ್ 2ಕ್ಕಿಂತ ಹೆಚ್ಚು: ಈ ಮೂರೂ ಕೂಡಿಬಂದು, ದೋಷವೂ ಒದಗದಿದ್ದಾಗ ಮುದ್ರಣ ನುಡಿಯುತ್ತಿದೆ ಎನ್ನಬಹುದು. ಕಳೆದ ಕಾಲವನ್ನು ತಿಳಿಸುವ 'ಕರೆಂಟ್‌ಟೈಮ್' ಸೊನ್ನೆಗಿಂತ ಹೆಚ್ಚಿರಬೇಕೆಂಬ ನಿಬಂಧನೆಯನ್ನೂ ಕೆಲವರು ಸೇರಿಸುವುದುಂಟು. ಅದರಿಂದ ಆರಂಭದ ಗಳಿಗೆಯಲ್ಲಿ ತಪ್ಪು ಉತ್ತರ ಬರಬಹುದೇ ಹೊರತು ಹೆಚ್ಚಿನ ಪ್ರಯೋಜನವಿಲ್ಲ. ಧ್ವನಿಮಟ್ಟವನ್ನೇ ಸೊನ್ನೆಗಿಳಿಸಿದ್ದರೆ ಈ ಯಾವ ಪರೀಕ್ಷೆಗೂ ಅದು ಸಿಕ್ಕದು. ಅದನ್ನು ಬೇರೆಯಾಗಿಯೇ ನೋಡಬೇಕು.

ಆಂಡ್ರಾಯ್ಡಿನ ಮೀಡಿಯಾಪ್ಲೇಯರ್ 'ಈಸ್‌ಪ್ಲೇಯಿಂಗ್' ಎಂಬ ನೇರ ಪ್ರಶ್ನೆಗೆ ಎಡೆಗೊಟ್ಟಿದೆ. ಆದರೆ ಕೆಲಸ ಮುಗಿಸಿ ಬಿಡುಗಡೆ ಮಾಡಿದ ಪ್ಲೇಯರನ್ನು ಹಾಗೆ ಕೇಳಿದರೆ ಹೌದು, ಅಲ್ಲ ಎನ್ನದೆ ದೋಷವನ್ನೇ ಒಡ್ಡುತ್ತದೆ.

ಪದೇ ಪದೇ ಕೇಳುವುದಕ್ಕಿಂತ ಪ್ಲೇಯರ್ ತಾನಾಗಿ ಸಾರುವ ಘಟನೆಗಳಿಗೆ ಕಿವಿಗೊಡುವುದು ಲೇಸು. ಆಡಿಯೊ ಘಟಕದಲ್ಲಿ 'ಪ್ಲೇ' ಎಂಬ ಘಟನೆ ಆದೇಶವನ್ನೂ, 'ಪ್ಲೇಯಿಂಗ್' ನಿಜವಾದ ಆರಂಭವನ್ನೂ, 'ವೇಟಿಂಗ್' ದತ್ತಾಂಶದ ನಿರೀಕ್ಷೆಯನ್ನೂ ಸೂಚಿಸುತ್ತವೆ. ವೇಟಿಂಗ್ ಬಂದಾಗ ಪರದೆ ಓದುವ ತಂತ್ರಾಂಶಕ್ಕೆ 'ಧ್ವನಿ ಬರಬೇಕಿದೆ' ಎಂಬಷ್ಟು ಚಿಕ್ಕ ಮಾತನ್ನು ಒಪ್ಪಿಸಿದರೆ ಸಾಕು. ಮಾತು ಉದ್ದವಾದರೆ, ಅಷ್ಟರಲ್ಲಿ ಮರಳಿ ಬಂದ ಸ್ವರದ ಮೇಲೆ ಅದು ಬಿದ್ದು ಆಲಾಪದ ಎಳೆ ಕೇಳದೆ ಹೋಗುತ್ತದೆ.