ನಿಮಗಿದು ಗೊತ್ತೇ? ಖಾಕಿಯೊಳಗಿದ್ದ ಹಂತಕನನ್ನು ಗುರುತಿಸಿದ್ದು ಒಬ್ಬ ಬಾಲಕಿ

◆ 1996ರ ನವೆಂಬರ್. ಚಿತ್ರದುರ್ಗದ ಕೆಇಬಿ ಕಾಲೊನಿಯಲ್ಲಿ ಶಾಲಾ ಬಾಲಕಿಯೊಬ್ಬಳ ಮೇಲೆ ಒಬ್ಬಾತ ಎರಗಿದ. ಅವಳು ಕಲ್ಲಿನಿಂದ ಹೊಡೆದು ಪಾರಾದಳು. ಮರುತಿಂಗಳೇ ಅದೇ ಊರಿನಲ್ಲಿ ಹದಿನಾರರ ಹುಡುಗಿಯೊಬ್ಬಳ ಅತ್ಯಾಚಾರ, ಕೊಲೆ ನಡೆಯಿತು. 1997ರ ಗಣರಾಜ್ಯೋತ್ಸವದ ಪರೇಡ್‌ನಲ್ಲಿ ಪೊಲೀಸರ ಸಾಲಿನ ನಡುವೆ ತನ್ನ ಮೇಲೆ ಎರಗಿದವನ ಮುಖವನ್ನು ಆ ಶಾಲಾ ಬಾಲಕಿ ಕಂಡಳು. ಅವನೇ ಬಿ.ಎ. ಉಮೇಶ್, ಅಂದರೆ ಉಮೇಶ್ ರೆಡ್ಡಿ. ಸಮವಸ್ತ್ರದಲ್ಲಿರುವವನತ್ತ ಬೆರಳು ತೋರಿಸಲು ಆ ವಯಸ್ಸಿನಲ್ಲಿ ಎಂಥ ಧೈರ್ಯ ಬೇಕು!

◆ ಚಿತ್ರದುರ್ಗ ಜಿಲ್ಲೆಯವನೇ ಆದ ಉಮೇಶ್, ಮೊದಲು ಸಿಆರ್‌ಪಿಎಫ್ ಪೇದೆ. ಜಮ್ಮು–ಕಾಶ್ಮೀರದಲ್ಲಿದ್ದಾಗ ಕಮಾಂಡೆಂಟ್ ಒಬ್ಬರ ಮಗಳ ಮೇಲೆ ಅತ್ಯಾಚಾರಕ್ಕೆ ಯತ್ನಿಸಿ ಊರಿಗೆ ಓಡಿಬಂದ. ಹಾಗೆ ಬಂದವನಿಗೆ 1996ರಲ್ಲಿ ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಕೆಲಸ ಸಿಕ್ಕಿತು. ಅವನ ಇಬ್ಬಗೆಯ ಬಾಳಿಗೆ ಅತಿಬುದ್ಧಿವಂತಿಕೆ ಬೇಕಾಗಲಿಲ್ಲ. ಹಿಂದಿನ ನೌಕರಿಯ ಬಗ್ಗೆ ಸರಿಯಾಗಿ ವಿಚಾರಿಸದೆ ಬಿಟ್ಟದ್ದೇ ಸಾಕಾಯಿತು. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

◆ ಅವನು ಮನೆಗಳಿಗೆ ನುಗ್ಗುತ್ತಿದ್ದದ್ದು ಹೆಚ್ಚಾಗಿ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರ ನಡುವೆ, ಗಂಡಸರು ಕೆಲಸಕ್ಕೆ ಹೋಗಿರುವ ಹೊತ್ತಿನಲ್ಲಿ. ಕುಡಿಯಲು ನೀರು ಕೇಳುವುದು, ವಿಳಾಸ ವಿಚಾರಿಸುವುದು ನೆಪ. ಕೊಂದ ಮೇಲೆ ಒಡವೆ ದೋಚುತ್ತಿದ್ದ. ನೋಡಿದವರಿಗೆ ಅದು ಬರೀ ದರೋಡೆಯಾಗಿ ಕಾಣುತ್ತಿತ್ತು.

◆ ಒಣಹಾಕಿದ ಹೆಂಗಸರ ಒಳಉಡುಪು ಕದಿಯುವುದೂ ಅವನ ಚಾಳಿಯಾಗಿತ್ತು. ಇಂಥ ಕಳ್ಳತನವನ್ನು ನಕ್ಕು ಮರೆಯುವ ಬದಲು ಠಾಣೆಗೆ ತಿಳಿಸುವುದು ಮೇಲು.

◆ ಇಬ್ಬಗೆಯ ಬಾಳಿಗೆ ಮರ್ಯಾದೆಯ ಹುದ್ದೆಯೇ ಮರೆ. ದಕ್ಷಿಣ ಕನ್ನಡದ ಸರಣಿ ಹಂತಕ ‘ಸೈನೈಡ್ ಮೋಹನ’ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು. ಅಮೆರಿಕದ ಸರಣಿ ಹಂತಕ ಟೆಡ್ ಬಂಡಿ ಸಿಯಾಟಲ್‌ನಲ್ಲಿ, ಸಂಕಟದಲ್ಲಿರುವವರು ಫೋನ್ ಮಾಡುವ ಸಹಾಯವಾಣಿಯಲ್ಲಿ ಕೂತು ಸಮಾಧಾನ ಹೇಳುತ್ತಿದ್ದ! ಮನೋವೈದ್ಯ ಹರ್ವಿ ಕ್ಲೆಕ್ಲಿ ಇಂಥ ಮೇಲ್ನೋಟದ ಸಹಜತೆಯನ್ನು 1941ರಷ್ಟು ಹಿಂದೆಯೇ ‘ಮುಖವಾಡ’ ಎಂದು ಕರೆದಿದ್ದರು.

◆ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದು, ಬೆಂಕಿ ಹಚ್ಚುವುದು, ಪ್ರಾಣಿಗಳನ್ನು ಹಿಂಸಿಸುವುದು: ಈ ಮೂರೂ ಇರುವ ಮಗು ಮುಂದೆ ಕೊಲೆಗಾರನಾಗುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಇದಕ್ಕೆ ಮೂಲ, ಮನೋವೈದ್ಯ ಜಾನ್ ಮ್ಯಾಕ್‌ಡೊನಾಲ್ಡ್ 1963ರಲ್ಲಿ ಬರೆದ ಲೇಖನ. ನಂತರದ ಸಂಶೋಧನೆಗಳಲ್ಲಿ ಅದು ಗಟ್ಟಿಯಾಗಿ ನಿಲ್ಲಲಿಲ್ಲ. ಹಾಸಿಗೆ ಒದ್ದೆ ಮಾಡುವ ಮಗುವನ್ನು ದಯವಿಟ್ಟು ಬಯ್ಯಬೇಡಿ, ಅದರಲ್ಲಿ ಅಪರಾಧದ ಸುಳಿವು ಹುಡುಕಲೂ ಬೇಡಿ. ಆದರೆ ಪ್ರಾಣಿಗಳಿಗೆ ಮತ್ತೆ ಮತ್ತೆ ಕ್ರೂರವಾಗಿ ನೋವು ಕೊಡುತ್ತಿದ್ದರೆ ಆ ಮಗುವನ್ನು ತಜ್ಞರಿಗೆ ತೋರಿಸಬೇಕು. ಆ ಮಗುವೇ ಎಲ್ಲೋ ಪೆಟ್ಟು ತಿನ್ನುತ್ತಿರಲೂಬಹುದು.

◆ ಬಾಲ್ಯದಲ್ಲಿ ಹಿಂಸೆಯುಂಡವರು ಮುಂದೆ ಅಪರಾಧಕ್ಕೆ ಇಳಿಯುವ ಸಂಭವ ಹೆಚ್ಚುತ್ತದೆ, ಆದರೆ ಬಹುಪಾಲು ಮಂದಿ ಹಾಗಾಗುವುದಿಲ್ಲ. ಕ್ಯಾಥಿ ವಿಡಮ್ 1989ರಲ್ಲಿ ಪ್ರಕಟಿಸಿದ ಅಧ್ಯಯನ ಎರಡನ್ನೂ ತೋರಿಸಿತು. ಹಂತಕನ ಕತೆ ಹೇಳುವಾಗ ‘ಪಾಪ, ಅವನ ಬಾಲ್ಯ ಹಾಗಿತ್ತು’ ಎಂದುಬಿಟ್ಟರೆ, ಅಷ್ಟೇ ಪೆಟ್ಟು ತಿಂದೂ ಯಾರಿಗೂ ಕೇಡು ಬಗೆಯದ ಲಕ್ಷಾಂತರ ಜನರಿಗೆ ಅನ್ಯಾಯವಾಗುತ್ತದೆ.

◆ ಬಾಲಕಿ ಗುರುತಿಸಿದ ಮೇಲೆ ಬಂಧಿತನಾದ ಉಮೇಶ್, 1997ರ ಮಾರ್ಚ್‌ನಲ್ಲಿ ಬಳ್ಳಾರಿ ಜೈಲಿಗೆ ಒಯ್ಯುವಾಗ ತಪ್ಪಿಸಿಕೊಂಡ. 1998ರ ಫೆಬ್ರುವರಿ 28ರಂದು ಬೆಂಗಳೂರಿನ ಪೀಣ್ಯದಲ್ಲಿ ಒಬ್ಬ ವಿಧವೆಯನ್ನು ಕೊಂದ. ಹೊರಗೆ ಆಡುತ್ತಿದ್ದ ಅವರ ಪುಟ್ಟ ಮಗ ಮನೆಗೆ ಬಂದಾಗ ಇವನಿನ್ನೂ ಒಳಗೇ ಇದ್ದ. ‘ನಿಮ್ಮಮ್ಮನ ಮೈಮೇಲೆ ದೆವ್ವ ಬಂದಿದೆ, ಅದಕ್ಕೇ ಕಟ್ಟಿಹಾಕಿದ್ದೇನೆ, ಡಾಕ್ಟರನ್ನು ಕರೆತರುತ್ತೇನೆ’ ಎಂಬರ್ಥದ ಮಾತು ಹೇಳಿ ಹೊರಟುಹೋದ. ಎರಡೇ ದಿನಕ್ಕೆ, ಇನ್ನೊಂದು ಮನೆಗೆ ನುಗ್ಗಿದಾಗ, ಜನ ಹಿಡಿದರು. ಆ ಮಗುವಿನ ಸಾಕ್ಷ್ಯವನ್ನು ನ್ಯಾಯಾಲಯಗಳು ನಂಬಿದವು. ಸಾಕ್ಷಿ ಹೇಳಲು ನಮ್ಮ ಕಾನೂನಿನಲ್ಲಿ ಕನಿಷ್ಠ ವಯಸ್ಸೆಂಬುದೇ ಇಲ್ಲ. ಪ್ರಶ್ನೆ ಅರ್ಥವಾಗಿ ಸರಿಯಾಗಿ ಉತ್ತರಿಸಬಲ್ಲ ಮಗುವಾದರೆ ಸಾಕು.

◆ ಪೀಣ್ಯದ ಕೊಲೆಗಾಗಿ 2006ರಲ್ಲಿ ಉಮೇಶ್‌ಗೆ ಗಲ್ಲು ಶಿಕ್ಷೆಯಾಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2013ರಲ್ಲಿ ಕ್ಷಮಾದಾನದ ಅರ್ಜಿಯೂ ತಿರಸ್ಕೃತವಾಯಿತು. ಆದರೆ ಆ ಅರ್ಜಿ ಇತ್ಯರ್ಥವಾಗುವ ಮೊದಲೇ ಅವನನ್ನು ವರ್ಷಗಟ್ಟಲೆ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಏಕಾಂತ ಸೆರೆಯಲ್ಲಿಟ್ಟಿದ್ದರು, ಅದು ಕಾನೂನಿಗೆ ವಿರುದ್ಧ. ಈ ಕಾರಣಕ್ಕೆ 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಗಲ್ಲನ್ನು ಜೀವಾವಧಿಗೆ ಇಳಿಸಿತು. ಕನಿಷ್ಠ 30 ವರ್ಷ ಜೈಲಿನಲ್ಲೇ ಕಳೆಯಬೇಕೆಂದೂ ಹೇಳಿತು.