ವೇಟಿಂಗ್ ಲಿಸ್ಟಿನಲ್ಲಿ ನಮ್ಮ ಮಗಳು

ಹೂಮಳೆಗಾಗಿ ನಾವು ಬೆಳೆಗಾರರು ಆಕಾಶ ನೋಡುತ್ತ ಕೂರುವ ದಿನಗಳಲ್ಲಿ ನಮ್ಮ ಕಡೆಯ ಅನೇಕ ಮನೆಗಳಲ್ಲಿ ಇನ್ನೊಂದು ಕಾಯುವಿಕೆಯೂ ನಡೆದಿರುತ್ತದೆ. ಐದನೆಯ ತರಗತಿಯ ಮಕ್ಕಳು ಬರೆದ ನವೋದಯ ಪರೀಕ್ಷೆಯ ಫಲಿತಾಂಶದ ನಿರೀಕ್ಷೆ ಅದು. 'ಆಯಿತು' ಎಂದು ತಿಳಿದರೆ ಸಿಹಿ ಹಂಚುತ್ತಾರೆ. 'ಆಗಲಿಲ್ಲ' ಎಂದು ತಿಳಿದರೆ ನಾಲ್ಕು ದಿನ ಬೇಜಾರುಪಟ್ಟು ಸುಮ್ಮನಾಗುತ್ತಾರೆ. ಇವೆರಡೂ ಅಲ್ಲದ ಮೂರನೆಯ ಉತ್ತರವೊಂದಿದೆ. ಅದೇ ಕಾಯುವ ಪಟ್ಟಿ, ಎಲ್ಲರ ಬಾಯಲ್ಲಿ ವೇಟಿಂಗ್ ಲಿಸ್ಟು.

ಎರಡು ವರ್ಷಗಳ ಹಿಂದೆ ನಮ್ಮ ಮನೆಗೆ ಬಂದದ್ದು ಈ ಮೂರನೆಯ ಉತ್ತರ. ಆಗ ನಾವು ಮಾಡಿದ ತಪ್ಪನ್ನೂ ತಡವಾಗಿ ತಿಳಿದುಕೊಂಡ ಸಂಗತಿಗಳನ್ನೂ ಸದಸ್ಯ ಬಂಧುಗಳ ಮುಂದಿಡುತ್ತಿದ್ದೇವೆ. ತೋಟದ ವಿಷಯ ಬಿಟ್ಟು ಇದೇನು ಎಂದು ಯಾರಾದರೂ ಕೇಳಬಹುದು. ಗೊಬ್ಬರ ಒಯ್ಯಲು ಸಂಘಕ್ಕೆ ಬಂದವರು ಅಡಿಕೆ ಧಾರಣೆ ವಿಚಾರಿಸಿದ ಮೇಲೆ ಎತ್ತುವ ಮಾತು ಮಕ್ಕಳ ಓದಿನದೇ ಆದ್ದರಿಂದ, ಇದು ಹೊರಗಿನ ವಿಷಯವೇನೂ ಅಲ್ಲವೆಂದು ಭಾವಿಸಿದ್ದೇವೆ.

ಶಾಲೆ ಮತ್ತು ಪಟ್ಟಿ

ಗೊತ್ತಿಲ್ಲದವರಿಗಾಗಿ ಎರಡು ಮಾತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ, ಹಳ್ಳಿಯ ಜಾಣ ಮಕ್ಕಳಿಗೆ ಒಳ್ಳೆಯ ವಿದ್ಯೆ ಸಿಗಲೆಂದು ಕೇಂದ್ರ ಸರ್ಕಾರ ಈ ವಸತಿ ಶಾಲೆಗಳನ್ನು ಆರಂಭಿಸಿತು. ಚಿಕ್ಕಮಗಳೂರು ಜಿಲ್ಲೆಗೆ ಬಾಳೆಹೊನ್ನೂರಿನಲ್ಲಿ, ಶಿವಮೊಗ್ಗಕ್ಕೆ ಗಾಜನೂರಿನಲ್ಲಿ, ಕೊಡಗಿಗೆ ಗಾಳಿಬೀಡಿನಲ್ಲಿ, ದಕ್ಷಿಣ ಕನ್ನಡಕ್ಕೆ ಮುಡಿಪಿನಲ್ಲಿ ನವೋದಯ ವಿದ್ಯಾಲಯಗಳಿವೆ. ಆರನೆಯ ತರಗತಿಗೆ ಒಂದು ಶಾಲೆಗೆ ಹೆಚ್ಚೆಂದರೆ 80 ಮಕ್ಕಳು. ಅದರಲ್ಲಿ ಕನಿಷ್ಠ ನೂರಕ್ಕೆ 75 ಸ್ಥಾನ ಗ್ರಾಮೀಣ ಮಕ್ಕಳಿಗೆ, ಒಟ್ಟಿನಲ್ಲಿ ಮೂರನೆಯ ಒಂದು ಪಾಲು ಹೆಣ್ಣುಮಕ್ಕಳಿಗೆ. ಪರೀಕ್ಷೆ ಎರಡು ಗಂಟೆಯದು. ಬುದ್ಧಿಶಕ್ತಿ, ಗಣಿತ, ಭಾಷೆ ಸೇರಿ 80 ಪ್ರಶ್ನೆ, 100 ಅಂಕ. ಕನ್ನಡದಲ್ಲೇ ಬರೆಯಬಹುದು. ಆರನೆಯ ತರಗತಿಯ ಈ ಪರೀಕ್ಷೆಯನ್ನು ಒಂದು ಮಗು ಒಮ್ಮೆ ಮಾತ್ರ ಬರೆಯಬಹುದು. ನಮ್ಮಂಥವರ ಎದೆ ಹೊಡೆದುಕೊಳ್ಳುವುದು ಈ 'ಒಮ್ಮೆ ಮಾತ್ರ' ಎಂಬುದಕ್ಕೆ.

ಆಯ್ಕೆಯಾದ 80 ಮಕ್ಕಳೂ ಬಂದು ಸೇರುತ್ತಾರೆಂದೇನಿಲ್ಲ. ಮಗುವನ್ನು ಬಿಟ್ಟಿರಲಾರದೆ ಕೆಲವು ತಂದೆತಾಯಿಯರು ಹಿಂಜರಿಯುತ್ತಾರೆ. ಕೆಲವರ ದಾಖಲೆಗಳು ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ. ಕೆಲವರಿಗೆ ಬೇರೆ ಕಡೆ ಸೀಟು ದೊರಕಿರುತ್ತದೆ. ಹೀಗೆ ತೆರವಾದ ಜಾಗಕ್ಕೆ ಕಾಯುವ ಪಟ್ಟಿಯಿಂದ ಕರೆಯುತ್ತಾರೆ. ಆದರೆ ತೆರವಾದದ್ದು ಯಾವ ವರ್ಗದ ಜಾಗವೋ ಸಾಮಾನ್ಯವಾಗಿ ಅದೇ ವರ್ಗದ ಮಗುವಿಗೆ ಕರೆ ಹೋಗುತ್ತದೆ. ಪಕ್ಕದ ಊರಿನ ಹುಡುಗನಿಗೆ ಕರೆ ಬಂದು ನಮ್ಮ ಹುಡುಗಿಗೆ ಬಾರದಿದ್ದರೆ ಅದರಲ್ಲಿ ಮೋಸವಿದೆ ಎಂದು ತಿಳಿಯಬೇಕಾಗಿಲ್ಲ.

ಇಷ್ಟನ್ನು ನಾವು ಆಗಲೇ ತಿಳಿದುಕೊಂಡಿದ್ದರೆ ಒಂದು ತಿಂಗಳ ಸಂಕಟ ತಪ್ಪುತ್ತಿತ್ತು.

ನಾವು ಮಾಡಿದ ತಪ್ಪು

ಮಗಳ ಹೆಸರು ಕಾಯುವ ಪಟ್ಟಿಯಲ್ಲಿದೆ ಎಂದು ತಿಳಿದ ದಿನ ನಮಗೆ ಸಂತೋಷವೇ ಆಯಿತು. ಅರ್ಧ ಬಾಗಿಲು ತೆರೆದ ಹಾಗೆ ಕಂಡಿತು. ಮರುವಾರ ಪೇಟೆಗೆ ಹೋಗಿ ಒಂದು ತಗಡಿನ ಟ್ರಂಕು ತಂದೆವು. ಅಂಗಡಿಯವನಿಂದಲೇ ಅದರ ಮೇಲೆ ಅವಳ ಹೆಸರನ್ನೂ ಬರೆಸಿದೆವು. ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಗುಡ್ಡದ ತಿರುವಿಗೆ ಹೋಗಿ ನಿಲ್ಲಬೇಕು. ದಿನಕ್ಕೆ ಎರಡು ಸಲ ಹೋಗಿ ನಿಂತು ಬರುತ್ತಿದ್ದೆವು. ನಾವು ಹಿಂದಿರುಗಿ ಬರುವುದನ್ನು ಮಗಳು ಜಗಲಿಯಲ್ಲಿ ಕುಳಿತು ನೋಡುತ್ತಿದ್ದಳು. ಮೊದಮೊದಲು ಎದ್ದು ಬಂದು ಕೇಳುತ್ತಿದ್ದವಳು ಆಮೇಲೆ ಕೇಳುವುದನ್ನು ಬಿಟ್ಟಳು. ಮುಖ ನೋಡಿಯೇ ತಿಳಿದುಕೊಳ್ಳುತ್ತಿದ್ದಳು.

ಜೂನ್ ತಿಂಗಳಾಯಿತು. ಊರಿನ ಶಾಲೆ ತೆರೆಯಿತು. ಇವತ್ತೋ ನಾಳೆಯೋ ಕರೆ ಬಂದೀತು, ಇಲ್ಲಿ ಸೇರಿಸಿ ಮತ್ತೆ ಟಿ.ಸಿ. ತೆಗೆಸುವ ರಗಳೆ ಏಕೆ ಎಂದು ಅವಳನ್ನು ಎಲ್ಲಿಗೂ ಸೇರಿಸಲಿಲ್ಲ. ಬೆಳಿಗ್ಗೆ ಜೊತೆಯ ಮಕ್ಕಳು ಕೊಡೆ ಹಿಡಿದು ಗೇಟಿನ ಮುಂದೆ ಹೋಗುವಾಗ ಅವಳು ಒಳಗೆ ಹೋಗಿ ಕೂರುತ್ತಿದ್ದಳು. ಅಜ್ಜಿ ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದಳು. 'ಹುಡುಗಿ ಸೊರಗಿದಾಳೆ' ಎಂದು ಅಜ್ಜಿ ಹೇಳಿದ್ದನ್ನು ನಾವು ಮಳೆಯ ಶೀತವೆಂದು ತಳ್ಳಿಹಾಕಿದೆವು.

ಆ ವಾರ ತೋಟದಲ್ಲಿ ಸತ್ತ ಗಿಡಗಳ ಜಾಗಕ್ಕೆ ಕಾಫಿ ಸಸಿ ನೆಡಿಸುತ್ತಿದ್ದೆವು. ಸಸಿ ಬೆಳೆಸುವಾಗ ಬೇಕಾದ್ದಕ್ಕಿಂತ ನಾಲ್ಕು ಹೆಚ್ಚೇ ಬೆಳೆಸುವುದು ಬೆಳೆಗಾರರೆಲ್ಲರ ರೂಢಿ. ಮನೆಯಲ್ಲಿ ಸುಮ್ಮನೆ ಕೂರುವ ಬದಲು ಬರಲಿ ಎಂದು ಮಗಳನ್ನೂ ಕರೆದುಕೊಂಡು ಹೋಗಿದ್ದೆವು. ಒಳ್ಳೆಯ ಸಸಿಗಳನ್ನು ಬುಟ್ಟಿಗೆ ತುಂಬಿ ಕಳಿಸಿದ ಮೇಲೆ ಹಿಂದಿನ ವರ್ಷದ ಹತ್ತಿಪ್ಪತ್ತು ಚೀಲಗಳು ನರ್ಸರಿಯ ಮೂಲೆಯಲ್ಲಿ ಉಳಿದವು.

"ಅಪ್ಪಯ್ಯ, ಇವನ್ನೆಂತ ಮಾಡ್ತೀರಿ?" ಎಂದು ಕೇಳಿದಳು.

"ಎಲ್ಲಾದರೂ ಗುಂಡಿ ಖಾಲಿಯಾದರೆ ಹಾಕೋದು" ಎಂದೆವು.

"ಆಗದೇ ಇದ್ರೆ?"

ನಮಗೆ ಉತ್ತರ ತೋಚಲಿಲ್ಲ. ಅಲ್ಲೇ ಕೆಲಸ ಮಾಡುತ್ತಿದ್ದ ಹಿರಿಯ ಹೆಂಗಸೊಬ್ಬರು ಒಂದು ಚೀಲವನ್ನು ಕತ್ತಿಯಿಂದ ಸೀಳಿ ತೋರಿಸಿದರು. ಬೇರು ಚೀಲದ ಒಳಗೇ ಸುತ್ತಿ ಸುತ್ತಿ ಗಂಟಾಗಿತ್ತು. "ಗಿಡದ ತಪ್ಪಲ್ಲ ಪುಟ್ಟಿ, ಒಳ್ಳೆ ಗಿಡವೇ. ಹೊತ್ತಿಗೆ ಸರಿಯಾಗಿ ಎಲ್ಲಾದ್ರೂ ನೆಟ್ಟಿದ್ರೆ ಈಗ ಹೂ ಬಿಡೋಕೆ ಬಂದಿರೋದು" ಎಂದರು. ಅವರು ಹೇಳಿದ್ದು ಮಗಳಿಗೆ. ತಾಗಿದ್ದು ನಮಗೆ.

ಮರುದಿನ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋದೆವು. ಎರಡು ವಾರ ತಡವಾಗಿದೆ, ಸೇರಿಸಿಕೊಳ್ಳುತ್ತಾರೋ ಇಲ್ಲವೋ ಎಂಬ ಅಳುಕಿತ್ತು. ಮುಖ್ಯೋಪಾಧ್ಯಾಯರು ನಕ್ಕು, ಅರ್ಜಿಯನ್ನು ಮುಂದೆ ಸರಿಸಿದರು.

ಮೇಷ್ಟ್ರು ತಿಳಿಸಿದ ವಿಷಯ

ಅವರು ಹೇಳಿದ್ದನ್ನು ಎಲ್ಲ ಸದಸ್ಯರೂ ನೆನಪಿನಲ್ಲಿಡುವುದು ಒಳ್ಳೆಯದು. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ 6ರಿಂದ 14 ವರ್ಷದ ಮಗು ತಡವಾಗಿ ಬಂದರೂ ಶಾಲೆ ಸೇರಿಸಿಕೊಳ್ಳಬೇಕು. ಬೇರೆ ಶಾಲೆಗೆ ಹೋಗಬೇಕಾಗಿ ಬಂದರೆ ಮುಖ್ಯೋಪಾಧ್ಯಾಯರು ಕೂಡಲೇ ಟಿ.ಸಿ. ಕೊಡಬೇಕು. ಆದ್ದರಿಂದ ಊರಿನ ಶಾಲೆಗೆ ಸೇರಿಸಿದ ಮಾತ್ರಕ್ಕೆ ಕಾಯುವ ಪಟ್ಟಿಯ ಅವಕಾಶ ಕೈತಪ್ಪುವುದಿಲ್ಲ. ನಾವು ಹೆದರಿದ್ದ ರಗಳೆ ಅರ್ಧ ದಿನದ ಕೆಲಸ ಅಷ್ಟೆ.

ಇದಲ್ಲದೆ ನಮ್ಮ ಅನುಭವದಿಂದ ಕೆಲವು ಸೂಚನೆಗಳು:

1. ದಾಖಲೆಗಳನ್ನು ಮೊದಲೇ ಒಂದು ಕವರಿನಲ್ಲಿ ಜೋಡಿಸಿಡಿ. ಜನನ ಪ್ರಮಾಣಪತ್ರ, ವಾಸಸ್ಥಳದ ದಾಖಲೆ, ಅನ್ವಯಿಸುವವರಿಗೆ ಜಾತಿ ಪ್ರಮಾಣಪತ್ರ, 3, 4 ಮತ್ತು 5ನೆಯ ತರಗತಿಗಳನ್ನು ಗ್ರಾಮೀಣ ಶಾಲೆಯಲ್ಲೇ ಓದಿದ್ದಕ್ಕೆ ಶಾಲೆಯ ಪತ್ರ, ಇವು ಮುಖ್ಯ. ಕರೆ ಬಂದ ಮೇಲೆ ತಾಲ್ಲೂಕು ಕಛೇರಿಗೆ ಓಡಿದರೆ ದಿನ ಮೀರಬಹುದು.

2. ಅರ್ಜಿಯಲ್ಲಿ ಕೊಟ್ಟ ಫೋನ್ ನಂಬರನ್ನು ಬದಲಿಸಬೇಡಿ. ಸಿಗ್ನಲ್ ಇಲ್ಲದ ಮನೆಯವರು ವಾರಕ್ಕೊಮ್ಮೆ ವಿದ್ಯಾಲಯದ ಕಛೇರಿಯನ್ನು ವಿಚಾರಿಸಿದರೆ ಸಾಕು. ದಿನಕ್ಕೆರಡು ಸಲ ಗುಡ್ಡ ಹತ್ತಬೇಕಾಗಿಲ್ಲ.

3. ಪಟ್ಟಿಯಲ್ಲಿ ಮೇಲಕ್ಕೆ ತರಿಸುತ್ತೇವೆಂದು ಹಣ ಕೇಳುವವರು ಬರುತ್ತಾರೆ. ನಮ್ಮ ಹತ್ತಿರವೂ ಒಬ್ಬರು ಬಂದಿದ್ದರು. ಅಂಥವರಿಗೆ ಕಾಫಿ ಕೊಟ್ಟು ಕಳಿಸಿ, ದುಡ್ಡು ಕೊಡಬೇಡಿ.

4. ಮಗುವಿಗೆ ವಿಷಯವನ್ನು ಒಂದೇ ಸಲ, ಸರಿಯಾಗಿ ಹೇಳಿ. 'ಪರೀಕ್ಷೆ ಚೆನ್ನಾಗಿ ಬರೆದಿದ್ದೀಯ, ಜಾಗ ಕಡಿಮೆ ಇದೆ, ಕರೆದರೆ ಹೋಗೋಣ, ಇಲ್ಲದಿದ್ದರೆ ಇಲ್ಲೇ ಓದೋಣ.' ಇದಕ್ಕಿಂತ ಹೆಚ್ಚಿನದು ಬೇಡ. ನೆಂಟರ ಮುಂದೆ ಪಟ್ಟಿಯ ಮಾತೆತ್ತಬೇಡಿ. ಟ್ರಂಕು ಕರೆ ಬಂದ ಮೇಲೆ ತಂದರಾಯಿತು.

5. ಆರನೆಯ ತರಗತಿಯ ಬಾಗಿಲು ಮುಚ್ಚಿದರೂ ಎಲ್ಲ ಮುಗಿಯಲಿಲ್ಲ. ಎಂಟನೆಯ ತರಗತಿಯಲ್ಲಿ ಓದುತ್ತಿರುವಾಗ ಒಂಬತ್ತನೆಯ ತರಗತಿಯ ಖಾಲಿ ಸ್ಥಾನಗಳಿಗೆ ನವೋದಯದ್ದೇ ಇನ್ನೊಂದು ಪರೀಕ್ಷೆ ಇದೆ. ಗಣಿತ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15 ಅಂಕ. ಸ್ಥಾನಗಳು ಕಡಿಮೆ ಎಂಬುದನ್ನೂ ತಿಳಿದಿರಬೇಕು.

ಆಮೇಲೆ

ಕರೆ ಬರಲಿಲ್ಲ. ಆ ವರ್ಷದ ಸೇರ್ಪಡೆ ಮುಗಿಯಿತೆಂದು ವಿದ್ಯಾಲಯದವರು ಸೌಜನ್ಯದಿಂದಲೇ ತಿಳಿಸಿದರು. ನಾವು ಅದನ್ನು ಹೇಗೆ ಹೇಳುವುದೆಂದು ಯೋಚಿಸುತ್ತ ಮನೆಗೆ ಬಂದರೆ ಮಗಳು ಶಾಲೆಯ ಕಬಡ್ಡಿ ಆಟದಲ್ಲಿ ಮೊಣಕಾಲು ಕೆತ್ತಿಸಿಕೊಂಡು ಬಂದು ಅಜ್ಜಿಯ ಹತ್ತಿರ ಅರಿಶಿನ ಹಚ್ಚಿಸಿಕೊಳ್ಳುತ್ತಿದ್ದಳು. ವಿಷಯ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ರಾತ್ರಿ ಒಂದಿಷ್ಟು ಅತ್ತಳೆಂದು ಅವಳ ಅಮ್ಮ ಹೇಳಿದರು. ಬೆಳಿಗ್ಗೆ ಎದ್ದು ಶಾಲೆಗೆ ಹೊರಟಳು. ಹೋಗಲು ಅವಳಿಗೊಂದು ಶಾಲೆ ಇತ್ತು ಎಂಬುದೇ ಆ ದಿನ ನಮಗೆ ದೊಡ್ಡ ಸಮಾಧಾನ.

ಈಗ ಏಳನೆಯ ತರಗತಿ ಮುಗಿಸುತ್ತಿದ್ದಾಳೆ. ಗಣಿತದಲ್ಲಿ ಚೆನ್ನಾಗಿದ್ದಾಳೆ, ಹಿಂದಿಯಲ್ಲಿ ಅಷ್ಟಕ್ಕಷ್ಟೆ. ಮುಂದಿನ ವರ್ಷ ಒಂಬತ್ತರ ಪರೀಕ್ಷೆ ಬರೆಯುತ್ತೀಯಾ ಎಂದು ಒಮ್ಮೆ ಕೇಳಿದೆವು. "ನೋಡಾಣ" ಎಂದಳು. ಮತ್ತೆ ಕೇಳಿಲ್ಲ. ಹೆಸರು ಬರೆಸಿದ ಟ್ರಂಕಿನಲ್ಲಿ ಅಜ್ಜಿ ಕಂಬಳಿಗಳನ್ನು ಇಟ್ಟಿದ್ದಾರೆ.

ಈ ವರ್ಷ ಯಾವ ಸದಸ್ಯರ ಮನೆಯ ಮಗುವಾದರೂ ಕಾಯುವ ಪಟ್ಟಿಯಲ್ಲಿದ್ದರೆ ನಮ್ಮ ಬಿನ್ನಹ ಇಷ್ಟೇ: ಕಾಯುವ ಕೆಲಸ ದೊಡ್ಡವರಿಗಿರಲಿ. ಶಾಲೆ ತೆರೆದ ದಿನವೇ ಮಗುವನ್ನು ಊರಿನ ಶಾಲೆಗೆ ಸೇರಿಸಿ. ದಾಖಲೆಗಳ ಬಗ್ಗೆ ಸಂದೇಹವಿದ್ದವರು ಸಂಘದ ಕಛೇರಿಗೆ ಬಂದಾಗ ನಮ್ಮನ್ನು ಕಾಣಬಹುದು.