ಶರಾವತಿಯ ಮೇಲೆ ಎರಡು ನಿಮಿಷ

ಭಟ್ಕಳದಲ್ಲಿ ರೈಲು ಹತ್ತಿ ಕುಮಟಾ ಕಡೆ ಹೊರಟರೆ, ಮುರ್ಡೇಶ್ವರ, ಮಂಕಿ ದಾಟುವಷ್ಟರಲ್ಲಿ ಮಕ್ಕಳೆಲ್ಲ ಕಿಟಕಿಯ ಹತ್ತಿರ ಸೇರುತ್ತಾರೆ. ಮುಂದೆ ಹೊನ್ನಾವರ, ಅಲ್ಲಿ ಶರಾವತಿ. ಜೋಗದಲ್ಲಿ ಧುಮುಕಿ, ಗೇರುಸೊಪ್ಪೆ ದಾಟಿ ಬಂದ ಹೊಳೆ ಸಮುದ್ರ ಸೇರುವ ಮೊದಲು ಇಲ್ಲಿ ಅಗಲವಾಗಿ ಹರಡಿಕೊಂಡಿದೆ. ಸೇತುವೆಯ ಉದ್ದ 2,065 ಮೀಟರ್. ಕೊಂಕಣ ರೈಲು ಮಾರ್ಗದಲ್ಲಿ ಇದಕ್ಕಿಂತ ಉದ್ದದ ಸೇತುವೆ ಇಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋದರೆ ದಾಟಲು ಎರಡು ನಿಮಿಷ, ಮೇಲೆ ನಾಲ್ಕು ಸೆಕೆಂಡು. ಬೇಕಿದ್ದರೆ ಲೆಕ್ಕ ಮಾಡಿ ನೋಡಿ.

ಅಜ್ಜ–ಅಜ್ಜಿಯರ ಲೆಕ್ಕ ಬೇರೆ. ಅವರ ಕಾಲದಲ್ಲಿ ರೈಲು ಹತ್ತಬೇಕೆಂದರೆ ಘಟ್ಟ ಹತ್ತಿ ತಾಳಗುಪ್ಪಕ್ಕೋ ಹುಬ್ಬಳ್ಳಿಗೋ ಹೋಗಬೇಕಿತ್ತು, ಇಲ್ಲವೇ ಬಸ್ಸಿನಲ್ಲಿ ಮಂಗಳೂರಿಗೆ. ಕರಾವಳಿಗೆ ರೈಲು ಬರುತ್ತದಂತೆ ಎಂಬ ಮಾತು ಕೇಳಿ ಕೇಳಿ ಜನ ನಗುವಂತಾಗಿತ್ತು.

1990ರ ಜುಲೈಯಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಆಗ ರೈಲ್ವೆ ಮಂತ್ರಿ ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್. ರೈಲ್ವೆಯದು 51 ಪಾಲು. ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6. ಮುಖ್ಯಸ್ಥರಾಗಿ ಬಂದವರು ಪಾಲಕ್ಕಾಡ್ ಕಡೆಯ ಇ. ಶ್ರೀಧರನ್. ವಯಸ್ಸು 58, ರೈಲ್ವೆಯಿಂದ ಆಗಷ್ಟೇ ನಿವೃತ್ತಿ. ಇವರ ಹೆಸರು ಮೊದಲೇ ಗೊತ್ತಿತ್ತು. 1964ರ ಚಂಡಮಾರುತದಲ್ಲಿ ಮುರಿದ ಪಾಂಬನ್ ಸೇತುವೆಯನ್ನು 46 ದಿನಗಳಲ್ಲಿ ಮತ್ತೆ ನಿಲ್ಲಿಸಿದ ಎಂಜಿನಿಯರ್ ಇವರೇ.

ಅವರ ತಂಡದ ಮುಂದಿದ್ದದ್ದು ಸುಮಾರು 740 ಕಿಲೋಮೀಟರ್ ದಾರಿ, ಎರಡು ಸಾವಿರದಷ್ಟು ಸಣ್ಣ ದೊಡ್ಡ ಸೇತುವೆಗಳು, 90ಕ್ಕೂ ಹೆಚ್ಚು ಸುರಂಗಗಳು. ಐದು ವರ್ಷದ ಗುರಿ. ಉಳಿದ ದಿನಗಳನ್ನು ಹಿಂದಕ್ಕೆ ಎಣಿಸುವ ಗಡಿಯಾರವನ್ನು ಕೆಲಸದ ಜಾಗದಲ್ಲಿ ಇಟ್ಟರು. ಪರೀಕ್ಷೆಗೆ ಇನ್ನೆಷ್ಟು ದಿನ ಎಂದು ಮನೆಯಲ್ಲಿ ಅಮ್ಮ ಹೇಳುತ್ತಿರುತ್ತಾರಲ್ಲ, ಹಾಗೆ.

ಬಾಯಿಮಾತಿಗಿಂತ ಓಡುವ ರೈಲನ್ನೇ ತೋರಿಸುವುದು ಈ ತಂಡದ ರೀತಿ. ಪೂರ್ತಿ ದಾರಿ ಮುಗಿಯಲಿ ಎಂದು ಕಾಯದೆ, ಆದಷ್ಟು ಭಾಗವನ್ನು ತೆರೆಯುತ್ತ ಹೋದರು. 1993ರ ಮಾರ್ಚ್‌ನಲ್ಲಿ ಮಂಗಳೂರಿನ ಬದಿಯಿಂದ ಉಡುಪಿಯವರೆಗೆ ರೈಲು ಓಡಿತು. ನಗುತ್ತಿದ್ದವರು ಸುಮ್ಮನಾದರು. ದೊಡ್ಡ ಹೊಳೆಗಳ ಸೇತುವೆಗೆ ಕಾಂಕ್ರೀಟಿನ ತೊಲೆಗಳನ್ನು ದಡದಲ್ಲೇ ಎರಕ ಹೊಯ್ದು, ದೋಣಿಯಂಥ ತೇಲುವ ತಟ್ಟೆಯ ಮೇಲೆ ನಿಂತ ಕ್ರೇನಿನಿಂದ ಎತ್ತಿ ಕಂಬಗಳ ಮೇಲಿಡುವ ಉಪಾಯವನ್ನೂ ಬಳಸಿದರು. ರತ್ನಾಗಿರಿ ಹತ್ತಿರ ಪಾನ್‌ವಲ್ ಕಣಿವೆಯಲ್ಲಿ 64 ಮೀಟರ್ ಎತ್ತರದ ಸೇತುವೆಯನ್ನು ಒಂದು ತುದಿಯಲ್ಲಿ ತುಂಡು ತುಂಡಾಗಿ ಕಟ್ಟುತ್ತ ಮುಂದಕ್ಕೆ ದೂಡಿದರು. ಭಾರತದಲ್ಲಿ ಅದು ಮೊದಲು.

ಗಟ್ಟಿ ಬಂಡೆ ಕೊರೆಯಲು ಸ್ವೀಡನ್ನಿನ ಯಂತ್ರಗಳು ಬಂದವು. ಆದರೆ ಕೆಲವು ಕಡೆ ಗುಡ್ಡದೊಳಗೆ ಸಿಕ್ಕಿದ್ದು ಬಂಡೆಯಲ್ಲ, ನೀರು ಕುಡಿದ ಜೇಡಿಮಣ್ಣು. ಅಗೆದಷ್ಟೂ ಕುಸಿಯುವುದು. ಅಲ್ಲಿ ಯಂತ್ರ ಸೋತು, ಮನುಷ್ಯರ ಕೈಯೇ ಬೇಕಾಯಿತು. ಗೋವಾದ ಪೆರ್ನೆಂ ಸುರಂಗವಂತೂ ಎಲ್ಲರ ತಾಳ್ಮೆ ಪರೀಕ್ಷಿಸಿತು. ಐದು ವರ್ಷ ಹೋಗಿ ಏಳು ದಾಟಿತು. ಹಲವು ಕಾರ್ಮಿಕರು ಜೀವ ಕಳೆದುಕೊಂಡರು. ಅವರ ಸ್ಮಾರಕ ರತ್ನಾಗಿರಿ ನಿಲ್ದಾಣದಲ್ಲಿದೆ. ದಾರಿಗೆ ಜಾಗ ಬಿಟ್ಟುಕೊಟ್ಟ 42 ಸಾವಿರ ಭೂಮಾಲೀಕರ ತೆಂಗು, ಮಾವು, ಗದ್ದೆಗಳೂ ಈ ಕಥೆಯಲ್ಲಿವೆ. ಸೇತುವೆ ನೋಡಿ ಚಪ್ಪಾಳೆ ತಟ್ಟುವಾಗ ನನಗೆ ಇವರ ನೆನಪೇ ಮೊದಲು ಬರುತ್ತದೆ.

1997ರ ನವೆಂಬರ್‌ನಲ್ಲಿ ಶ್ರೀಧರನ್ ಅವರಿಗೆ ದೆಹಲಿ ಮೆಟ್ರೋದ ಹೊಣೆ ಬಂತು. ವಯಸ್ಸು 65. ಉದ್ದಕ್ಕೂ ರೈಲು ಓಡಲು ಶುರುವಾದದ್ದು ಅದಾದ ಮೇಲೆ, 1998ರ ಜನವರಿ 26ರಂದು. ಹೊಗಳಿಕೆ ಬಂದಾಗಲೆಲ್ಲ ಅವರು ತಂಡದ ಕಡೆ ಕೈ ತೋರಿಸುತ್ತಿದ್ದರು. ಅದು ಬರಿಯ ಮಾತಲ್ಲ ಅನ್ನುವುದಕ್ಕೆ ಸಾಕ್ಷಿಯಿದೆ: ದೆಹಲಿಯ ಹೊಸ ಕೆಲಸಕ್ಕೂ ಕೊಂಕಣದಲ್ಲಿ ಪಳಗಿದ ಕೆಲವು ಎಂಜಿನಿಯರುಗಳನ್ನೇ ಕರೆಸಿಕೊಂಡರು. 2002ರ ಡಿಸೆಂಬರ್ 24ರಂದು ಅಲ್ಲಿ ಮೊದಲ ಮೆಟ್ರೋ ರೈಲು ಹೊರಟಿತು.

ಈ ರಜೆಯಲ್ಲಿ ಕುಮಟಾಕ್ಕೆ ಹೋಗುವವರು ಅಜ್ಜನಿಗೆ ಕಿಟಕಿಯ ಜಾಗ ಬಿಟ್ಟುಕೊಡಿ. ಹೊನ್ನಾವರ ಸೇತುವೆ ಬಂದಾಗ ಮೊದಲ ರೈಲು ನೋಡಲು ಯಾರ ಜೊತೆ ಹೋಗಿದ್ದಿರಿ ಎಂದು ಕೇಳಿ. ಎರಡು ನಿಮಿಷ ಸಾಲದು, ಕುಮಟಾ ನಿಲ್ದಾಣದಲ್ಲಿ ಇಳಿದ ಮೇಲೂ ಹೇಳುತ್ತಲೇ ಇರುತ್ತಾರೆ.